ಅಳೆದು ಬಿಟ್ಟ ಗಾಳಿ

ಫೆಬ್ರವರಿ 9

ತಮ್ಮಾ,

ನಿನ್ನ ಗಾಡಿ ನಿಂತುಹೋಗುತ್ತಿದೆ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಕ್ಷೇಮಸಮಾಚಾರದ ಅಡಿಯಲ್ಲಿ ಅದು ಹೂತುಹೋಗುತ್ತದೆ, ನನ್ನ ಅಭ್ಯಾಸ ನಿನಗೆ ಗೊತ್ತು.

ಓಡುವಾಗ ಏನೂ ತೊಂದರೆ ಇಲ್ಲ. ಹಡಗು ಹತ್ತುವ ಮುಂಚಿನ ಎರಡು ತಿಂಗಳು ನೀನು ಶೆಡ್ಡಿನಲ್ಲೇ ಉಂಡು ಶೆಡ್ಡಿನಲ್ಲೇ ಮಲಗಿ, ಎಂಜಿನ್‌ಗೆ ಗಾಳಿ ತಳ್ಳುವ ದೊಡ್ಡ ಟರ್ಬೊ ಕೂರಿಸಿ, ಗಾಡಿಯ ಕಂಪ್ಯೂಟರಿನ ಲೆಕ್ಕ ತಿದ್ದಿ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ 'ಪ್‌ಸ್ಶ್' ಎನ್ನುವ ಆ ಸೀಟಿ ಹಾಕಿದೆಯಲ್ಲ, ಅದರ ಫಲ ಚೆನ್ನಾಗಿಯೇ ಕಾಣುತ್ತದೆ. ಏರಿನಲ್ಲಿ ಬಸ್ಸುಗಳನ್ನು ಹಿಂದೆ ಹಾಕುತ್ತೇನೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಇಂಥ ಚಪಲ ಬೇಕೇ ಎಂದು ಆಮೇಲೆ ಕೇಳಿಕೊಳ್ಳುತ್ತೇನೆ.

ತೊಂದರೆ ಇರುವುದು ನಿಲ್ಲಿಸುವಾಗ. ದೀಪ ಕೆಂಪಾಯಿತು, ಕಾಲು ತೆಗೆದೆ, ಕ್ಲಚ್ ಒತ್ತಿದೆ, ಸೀಟಿ ಊದಿತು, ಎಂಜಿನ್ ವೇಗದ ಮುಳ್ಳು ಇಳಿಯಿತು. ಇಳಿದದ್ದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಸೊನ್ನೆಗೆ ಹೋಗಿ ಮಲಗಿತು. ಎದುರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಎರಡು ಮೂರು ಸಲ ಕೀಲಿ ತಿರುಗಿಸಿದರೆ ಕೆಮ್ಮಿ ಏಳುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ನಿಲ್ಲಬೇಕಾದ ಜಾಗಗಳನ್ನೇ ತಪ್ಪಿಸಿಕೊಂಡು ಓಡಿಸುವುದನ್ನು ಕಲಿಯುತ್ತಿದ್ದೇನೆ.

ಈಗ ಗಾಡಿ ಹೆಚ್ಚು ತೆಗೆಯಬೇಕಾಗಿದೆ. ನಮ್ಮ ಕಣ್ಣಿನ ಕ್ಲಿನಿಕ್ಕಿನವರು ಗುಡ್ಡದ ಆಚೆ ಒಂದು ಶಾಖೆ ತೆರೆದಿದ್ದಾರೆ, ವಾರಕ್ಕೆ ಮೂರು ದಿನ ಅಲ್ಲಿ. ಏನು ಮಾಡಲಿ ಹೇಳು.

ಅಪ್ಪ ಆರಾಮ. ದಿನಾ ಪೇಪರ್ ಓದುತ್ತಾರೆ, ದಿನಾ ಬೈಯುತ್ತಾರೆ.

ಅಕ್ಕ


ಮಾರ್ಚ್ 3

ಅಕ್ಕಾ,

ನಿನ್ನ ಪತ್ರ ನೀರಿನ ದೋಣಿಯಲ್ಲಿ ಬಂತು. ಸರಕು ಇಳಿಸಲು ಸರದಿ ಸಿಗದೆ ನಾವು ಬಂದರಿನ ಹೊರಗೆ ಲಂಗರು ಹಾಕಿದ್ದೇವೆ. ಹದಿನೈದು ದಿನಕ್ಕೊಮ್ಮೆ ಕುಡಿಯುವ ನೀರು ತರುವವನೇ ನಮ್ಮ ಅಂಚೆಯಣ್ಣ. ಫೋನ್ ಮಾಡಲು ನೋಡಬೇಡ. ಹಡಗಿನ ಫೋನ್ ಕೆಟ್ಟಿದೆ, ನನ್ನ ಮೊಬೈಲಿನ ಸಿಮ್ ಈ ದೇಶದಲ್ಲಿ ನಡೆಯೋದಿಲ್ಲ.

ಗಾಡಿ ವಿಷಯ. ಗಾಬರಿ ಬೇಡ. ಥ್ರಾಟಲ್ ಬಾಯಿಗೆ ಮಸಿ ಕಟ್ಟಿರುತ್ತೆ, ಅದಕ್ಕೇ ಕಾಲು ತೆಗೆದಾಗ ಎಂಜಿನ್‌ಗೆ ಗಾಳಿ ಸಾಲದೆ ಸಾಯುತ್ತೆ. ಚಿತ್ರ ಬರೆದಿದ್ದೇನೆ ನೋಡು. ಬಾಣದ ಗುರುತು 1 ಇರುವ ಕ್ಲಿಪ್ ಸಡಿಲಿಸು, 2 ಇರುವ ಪೈಪ್ ಎಳಿ. ಒಳಗೆ ಹಿತ್ತಾಳೆ ಬಣ್ಣದ ತಟ್ಟೆ ಕಾಣುತ್ತೆ. ಹಳೇ ಹಲ್ಲುಜ್ಜೋ ಬ್ರಷ್, ಕಾರ್ಬ್ ಕ್ಲೀನರ್, ನಿಧಾನ. ಅಪ್ಪನ ಬ್ರಷ್ ಕದಿಯಬೇಡ, ಹೊಸದಕ್ಕಿಂತ ಹಳೇದರ ಮೇಲೆ ಅವರಿಗೆ ಪ್ರೀತಿ ಜಾಸ್ತಿ.

ಒಂದು ಮಾತು. ಯಾವ ಗ್ಯಾರೇಜಿಗೂ ಕೊಡಬೇಡ. ಬಾನೆಟ್ ಎತ್ತಿದ ಕೂಡಲೇ ನಾನು ಹಾಕಿದ್ದನ್ನೆಲ್ಲ ಕಿತ್ತು ಬಿಸಾಕ್ತಾರೆ. ಅಪ್ಪನ ಬಸ್ ಡಿಪೋ ಕಾನೂನು ನೆನಪಿದೆಯಲ್ಲ? ಎಂಜಿನ್ ಬಿಚ್ಚಿದವನೇ ಮುಚ್ಚಬೇಕು, ನಡುವೆ ಇನ್ನೊಬ್ಬ ಕೈ ಹಾಕೋ ಹಾಗಿಲ್ಲ. ನಾನು ಬರುವವರೆಗೆ ನಿನ್ನ ಕೈಯೇ ನನ್ನ ಕೈ ಅಂತ ಲೆಕ್ಕ.

ಹಾಳೆ ನೋಡಿ ನಗಬೇಡ. ಎಂಜಿನ್ ರೂಮಿನ ಲಾಗ್ ಹಾಳೆ, ಒಂದು ಬದಿ ಖಾಲಿ ಇತ್ತು.

ಊಟ ಚೆನ್ನಾಗಿದೆ. ಸಮುದ್ರ ಚೆನ್ನಾಗಿದೆ. ಎಲ್ಲಾ ಚೆನ್ನಾಗಿದೆ.

ನಿನ್ನ ತಮ್ಮ


ಮಾರ್ಚ್ 27

ತಮ್ಮಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾಳೆ ಬೇರೆ ಬರೆಯುತ್ತೇನೆ, ಅದನ್ನು ಕಳಿಸುತ್ತೇನೆ.

ಗುಡ್ಡದ ಆಚೆ ನಮ್ಮ ಕ್ಲಿನಿಕ್ಕಿನ ಶಾಖೆ ಇಲ್ಲ. ಗುಡ್ಡದ ಆಚೆ ದೊಡ್ಡ ಆಸ್ಪತ್ರೆ ಇದೆ. ನೀನು ಹೋದ ಒಂದು ತಿಂಗಳಿಗೇ ಅಪ್ಪನ ಎರಡು ಕಿಡ್ನಿಯೂ ಕೈಕೊಟ್ಟವು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಕುಡಿಯಲು ದಿನಕ್ಕೆ ಎರಡೂವರೆ ಲೋಟ ನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಬೆಳಿಗ್ಗೆ ಅಳೆದು ಬಾಟಲಿಗೆ ತುಂಬಿಡುತ್ತೇನೆ. ಸಂಜೆ ಬಾಟಲಿಯ ತಳ ನೋಡುತ್ತಾ ಕೂತಿರುತ್ತಾರೆ.

ನಿನಗೆ ಹೇಳುತ್ತೇನೆ ಎಂದಾಗ ಅಪ್ಪ ಕೈ ಹಿಡಿದುಕೊಂಡರು. "ಹೇಳ್ಬೇಡ. ನಡುಸಮುದ್ರದಲ್ಲಿರೋನಿಗೆ ಹೇಳಿ ಏನ್ಮಾಡ್ತೀಯ? ಈಜ್ಕೊಂಡು ಬರ್ತಾನಾ?"

ಟ್ಯಾಕ್ಸಿ ಮಾಡೋಣ ಎಂದೆ. ಅದಕ್ಕೂ ಇಲ್ಲ. "ಬಾಡಿಗೆ ಗಾಡೀಲಿ ಹೋದ್ರೆ ನಾನು ಪೇಷಂಟ್ ಆಗ್ತೀನಿ. ಸ್ಪ್ಯಾನರ್ ಗಾಡೀಲಿ ಹೋದ್ರೆ ಪ್ಯಾಸೆಂಜರ್." ನಿನ್ನನ್ನು ಸ್ಪ್ಯಾನರ್ ಎಂದು ಕರೆಯುವಾಗ ಮಾತ್ರ ಅವರ ಮುಖದಲ್ಲಿ ಹಳೆಯ ಡ್ರೈವರ್ ಕಾಣಿಸುತ್ತಾರೆ. ಹಾಗಾಗಿ ನಿನ್ನ ಗಾಡಿಯೇ.

ದಾರಿಯಲ್ಲಿ ಸುರಂಗ ಇದೆ, ನಿನಗೆ ಗೊತ್ತು. ಒಂದೇ ಸಾಲು. ಈ ಬದಿಯವರು ಹೋಗುವಾಗ ಆ ಬದಿಯವರು ಕಾಯಬೇಕು. ಒಳಗಿನ ತಿರುವಿನಲ್ಲಿ ಕಾಲು ತೆಗೆಯಲೇಬೇಕು. ಅಲ್ಲಿಗೆ ಬರುವಾಗ ನಾನು ಉಸಿರು ಹಿಡಿದುಕೊಳ್ಳುತ್ತೇನೆ. ಅಪ್ಪನೂ ಹಿಡಿದುಕೊಳ್ಳುತ್ತಾರೆ ಎಂದು ಮೊನ್ನೆ ಗೊತ್ತಾಯಿತು, ತಿರುವು ದಾಟಿದ ಮೇಲೆ ಇಬ್ಬರೂ ಒಟ್ಟಿಗೆ ಬಿಟ್ಟೆವು.

ಮೊನ್ನೆಯೇ ಅವರು ಹೇಳಿದರು: "ಆ ಸೀಟಿ ಇದ್ಯಲ್ಲ, ಅದೇ ಕಳ್ಳ ಕಣಮ್ಮ. ಗಾಡಿ ತನ್ನ ಉಸಿರನ್ನ ಬೀದಿಗೆ ಚೆಲ್ತಾ ಇದೆ." ನಾನು ಹೂಂ ಎಂದೆ. ಡೀಸೆಲ್ ಬಸ್ ಓಡಿಸಿದವರಿಗೆ ಈ ಪೆಟ್ರೋಲ್ ಟರ್ಬೊದ ಸೂಕ್ಷ್ಮ ಹೇಗೆ ತಿಳಿಯಬೇಕು ಎಂದುಕೊಂಡೆ. ನಿನ್ನ ಪತ್ರದಲ್ಲಿ ಚಿತ್ರವಿತ್ತು, ಬಾಣಗಳಿದ್ದವು, ಅಂಕಿಗಳಿದ್ದವು. ಕಾಗದದ ಮೇಲೆ ಇದ್ದದ್ದನ್ನು ನಂಬು ಎಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಕ್ಲಿನಿಕ್ಕಿನಲ್ಲಿ ದಿನವಿಡೀ ಗಾಜು ಬದಲಿಸುತ್ತಾ "ಈಗ ಸ್ಪಷ್ಟವೋ, ಮೊದಲು ಸ್ಪಷ್ಟವೋ" ಎಂದು ಜನರನ್ನು ಕೇಳುತ್ತೇನೆ. ಮನೆಯಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ.

ಇಷ್ಟೇ. ಇದನ್ನು ಮಡಚಿ ಬೀರುವಿನಲ್ಲಿ ಇಡುತ್ತೇನೆ.

ಅಕ್ಕ


ಮಾರ್ಚ್ 28

ತಮ್ಮಾ,

ನೀನು ಹೇಳಿದ ಹಾಗೆ ಥ್ರಾಟಲ್ ಉಜ್ಜಿದೆ. ಮಸಿ ಇದ್ದದ್ದು ನಿಜ, ಆದರೆ ಅಷ್ಟೇನಿರಲಿಲ್ಲ. ಎರಡು ದಿನ ಚೆನ್ನಾಗಿತ್ತು. ಅಥವಾ ಚೆನ್ನಾಗಿದೆ ಎಂದು ನಾನು ಅಂದುಕೊಂಡಿದ್ದೆ. ಮೂರನೇ ದಿನ ಮತ್ತೆ ಅದೇ ಕಥೆ.

ಗುರುತಿನ ಒಬ್ಬ ಹಳೆಯ ಬಸ್ ಡ್ರೈವರ್ ಆ ಸೀಟಿಯೇ ಕಳ್ಳ, ಗಾಡಿಯ ಉಸಿರು ಹೊರಗೆ ಚೆಲ್ಲುತ್ತಿದೆ ಎನ್ನುತ್ತಾರೆ. ಅದು ಇರಬಹುದೇ?

ಅಪ್ಪ ಆರಾಮ. ನಿಮ್ಮ ಸರದಿ ಬಂತೇ?

ಅಕ್ಕ


ಏಪ್ರಿಲ್ 22

ಅಕ್ಕಾ,

ಸೀಟಿ ಅಲ್ಲ. ಅದು ಬರೀ ಶಬ್ದ. ಆ ಬಸ್ ಡ್ರೈವರ್ ಯಾರು? ನಮ್ಮಪ್ಪನ ಹಾಗೇ ಮಾತಾಡ್ತಾನಲ್ಲ! ಬಸ್ ಡ್ರೈವರುಗಳಿಗೆಲ್ಲ ಒಂದೇ ಕಾಯಿಲೆ, ಕಿವಿಯಲ್ಲೇ ಎಂಜಿನ್ ಬಿಚ್ಚಿಬಿಡ್ತಾರೆ.

ಪ್ಲಗ್ ನೋಡೋಣ. ನಾಲ್ಕೂ ಬದಲಿಸು. ಗಟ್ಟಿಯಾಗಿದ್ದರೆ ಬಲ ಹಾಕಬೇಡ, ಎಂಜಿನ್ ಬೆಚ್ಚಗಿರುವಾಗ ತಿರುಗಿಸಿದರೆ ಬರುತ್ತೆ. ತೆಗೆದ ಪ್ಲಗ್ಗುಗಳ ತುದಿ ಯಾವ ಬಣ್ಣ ಇದೆ ಬರಿ. ಕಪ್ಪೋ, ಕಂದೋ, ಬೂದಿಯೋ? ಒಂದೊಂದೂ ಬೇರೆ ಬೇರೆಯಾಗಿ ಬರಿ.

ಮತ್ತೆ ಅಕ್ಕಾ, ನಿನ್ನ ಪತ್ರ ತುಂಬಾ ಚಿಕ್ಕದಾಯಿತು. ಹೀಗೆ ನಾಲ್ಕು ಸಾಲು ಬರೆದರೆ ಇಷ್ಟು ದೂರದಿಂದ ನಾನು ಹೇಗೆ ಹೇಳಲಿ? ಯಾವ ರಸ್ತೆಯಲ್ಲಿ ನಿಲ್ಲುತ್ತೆ, ಎಷ್ಟನೇ ಗೇರು, ಮುಳ್ಳು ಎಲ್ಲಿತ್ತು, ವಾಸನೆ ಹೇಗಿತ್ತು, ಪಕ್ಕದಲ್ಲಿ ಯಾವ ಅಂಗಡಿ ಇತ್ತು, ಎಲ್ಲಾ ಬರಿ. ಅಂಗಡಿಯಿಂದ ಏನು ಗೊತ್ತಾಗುತ್ತೆ ಅಂತ ಕೇಳಬೇಡ, ಗೊತ್ತಾಗುತ್ತೆ.

ಇಲ್ಲಿ ಅಡುಗೆಯವನು ಏಳು ಜನಕ್ಕೆ ಮಾಡಿದರೂ ಹತ್ತೊಂಬತ್ತು ಜನಕ್ಕೆ ಮಾಡಿದಷ್ಟೇ ಗೊಣಗುತ್ತಾನೆ.

ತಮ್ಮ


ಮೇ 16

ತಮ್ಮಾ,

ಪ್ಲಗ್ ನಾಲ್ಕೂ ಕಪ್ಪು. ಒಂದನೆಯದು ಮಸಿಯ ಹಾಗೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಎರಡು, ಮೂರು ಅದೇ ಥರ. ನಾಲ್ಕನೆಯದರಲ್ಲಿ ಸ್ವಲ್ಪ ಒದ್ದೆ. ಹೊಸದು ಹಾಕಿದೆ. ನನ್ನ ಕೈಯೇ ನಿನ್ನ ಕೈ ಎಂದೆಯಲ್ಲ, ನಿನ್ನ ಕೈಗೆ ಎರಡು ಕಡೆ ತರಚಿದೆ.

ರಸ್ತೆ ಕೇಳಿದೆ. ಮನೆಯಿಂದ ಹೊರಟು ಗೇಟಿನ ಹತ್ತಿರ ಒಂದು ಸಲ ನಿಲ್ಲಿಸಬೇಕು. ಅಲ್ಲಿ ಎಂಜಿನ್ ತಣ್ಣಗಿರುತ್ತದೆ, ಸಾಯುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ತಿರುವಿನಲ್ಲಿ ಎರಡನೇ ಗೇರು, ಅಲ್ಲೂ ತಪ್ಪಿಸಿಕೊಳ್ಳುತ್ತೇನೆ. ಅಂಗಡಿಯವನು ಏಣಿಗಳನ್ನು ಫುಟ್‌ಪಾತಿನ ಮೇಲೆ ಒರಗಿಸಿಟ್ಟಿರುತ್ತಾನೆ. ಒಂದಕ್ಕೆ ಹಳದಿ ಬಣ್ಣ, ಮೇಲಿನ ಮೆಟ್ಟಿಲು ಮುರಿದಿದೆ, ವರ್ಷದಿಂದ ಮಾರಾಟವಾಗಿಲ್ಲ. ಪೆಟ್ರೋಲ್ ಬಂಕ್, ಆಮೇಲೆ ಏರು. ಏರಿನಲ್ಲಿ ನಿನ್ನ ಟರ್ಬೊ ಬೆನ್ನು ತಟ್ಟಿ ತಳ್ಳುತ್ತದೆ. ಏರು ಮುಗಿದ ಕೂಡಲೇ ಸುರಂಗದ ದೀಪ. ಅಲ್ಲಿ ನಿಂತರೆ ಹತ್ತರಲ್ಲಿ ಆರು ಸಲ ಸಾಯುತ್ತದೆ. ಈಗ ನಿಲ್ಲಿಸುವುದಿಲ್ಲ. ದೀಪ ದೂರದಿಂದ ಕಂಡರೆ ನಿಧಾನ ಮಾಡಿ ಬಸವನ ಹುಳದ ಹಾಗೆ ತೆವಳುತ್ತೇನೆ, ಹಿಂದಿನವರು ಬೈದುಕೊಳ್ಳುತ್ತಾರೆ. ಎಡಗಾಲಿನಲ್ಲಿ ಕ್ಲಚ್, ಬಲಗಾಲಿನ ಬೆರಳಿನಲ್ಲಿ ಬ್ರೇಕ್, ಹಿಮ್ಮಡಿಯಲ್ಲಿ ಆಕ್ಸಿಲರೇಟರ್. ಸರ್ಕಸ್ಸಿನವರೂ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾರು.

ಪ್ಲಗ್ ಬದಲಿಸಿದ ಮೇಲೂ ನಿಲ್ಲುತ್ತದೆ.

ನಿಮ್ಮ ಹಡಗಿನ ಎಂಜಿನ್ ಹೇಗಿದೆ? ನೀನು ಅದರ ಬಗ್ಗೆ ಬರೆಯುವುದೇ ಇಲ್ಲ.

ಅಕ್ಕ


ಜೂನ್ 1

ಅಕ್ಕಾ,

ಎಷ್ಟು ಚೆನ್ನಾದ ಪತ್ರ! ಮೂರು ಸಲ ಓದಿದೆ. ನಿಜ ಹೇಳುತ್ತೇನೆ, ಮೂರನೇ ಸಲ ಜೋರಾಗಿ ಓದಿದೆ, ಯಾಕೆಂದರೆ ಉಳಿದವರೂ ಕೇಳಬೇಕು ಅಂದರು. ಅವರವರ ಭಾಷೆಗೆ ನಾನೇ ಅರೆಬರೆ ತಿರುಗಿಸಿ ಹೇಳಿದೆ. ಎಂಜಿನ್ ರೂಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಿನ್ನ ರಸ್ತೆ ಬರೆದಿದ್ದೇನೆ. ಗೇಟು, ಹಾರ್ಡ್‌ವೇರ್ ಅಂಗಡಿ, ಬಂಕ್, ಏರು, ಸುರಂಗ. ಹಳದಿ ಏಣಿಯೂ ಇದೆ. ಪ್ರತಿ ಸಂಜೆ ಎಲ್ಲರೂ ಅದರ ಮುಂದೆ ಬಕೆಟ್ ಬೋರಲು ಹಾಕಿ ಕೂತು ಜಗಳ ಆಡುತ್ತಾರೆ. ಎಲೆಕ್ಟ್ರಿಷಿಯನ್ "ಸೆನ್ಸರ್" ಅನ್ನುತ್ತಾನೆ. ಪೇಂಟರ್ "ಪೆಟ್ರೋಲಲ್ಲಿ ನೀರು ಬೆರೆತಿದೆ" ಅನ್ನುತ್ತಾನೆ. ಅಡುಗೆಯವನು "ಆ ದರಿದ್ರ ಗಾಡಿ ಮಾರಿ ಹಳದಿ ಏಣಿ ಕೊಂಡ್ಕೋ ಅಂತ ನಿಮ್ಮಕ್ಕನಿಗೆ ಬರಿ" ಅನ್ನುತ್ತಾನೆ.

ಈಗ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಒಂದು ರಾತ್ರಿ ಹಾಗೇ ಬಿಡು. ಕಂಪ್ಯೂಟರ್ ಹಳೇದೆಲ್ಲ ಮರೆತು ಹೊಸದಾಗಿ ಕಲಿಯುತ್ತೆ. ಆಮೇಲೆ ಹದಿನೈದು ದಿನ ಓಡಿಸಿ ನೋಡಿ ಬರಿ. ಎಲ್ಲಾ ಬರಿ. ಸುರಂಗ ದಾಟಿದ ಮೇಲೆ ನಿನ್ನ ಕ್ಲಿನಿಕ್ಕಿನ ಶಾಖೆ ಎಲ್ಲಿ ಬರುತ್ತೆ, ಅದನ್ನೂ ಬರಿ, ಗೋಡೆಯ ಮೇಲೆ ಸುರಂಗದ ಆಚೆ ಖಾಲಿ ಇದೆ.

ಎಂಜಿನ್ ಚೆನ್ನಾಗಿದೆ.

ತಮ್ಮ


ಜೂನ್ 30

ತಮ್ಮಾ,

ಸುರಂಗದ ಆಚೆ ಶಾಖೆ ಇಲ್ಲ. ಅಪ್ಪನ ಡಯಾಲಿಸಿಸ್ ಇದೆ. ಡಿಸೆಂಬರಿನಿಂದ. ಮಾರ್ಚಿನಲ್ಲಿ ಬರೆದು ಕಳಿಸದೆ ಇಟ್ಟಿದ್ದ ಪತ್ರ ಇದರ ಜೊತೆ ಇದೆ, ಅದನ್ನು ಮೊದಲು ಓದು.

ಬ್ಯಾಟರಿ ಬಿಚ್ಚಿ ಹಾಕಿದ ಎರಡನೇ ದಿನ, ಈ ತಿಂಗಳ ಹದಿನೇಳರಂದು, ಗಾಡಿ ಸುರಂಗದೊಳಗೆ, ಆ ತಿರುವಿನಲ್ಲಿ ಸತ್ತಿತು. ಎದ್ದೇಳಲಿಲ್ಲ. ಕೀಲಿ ತಿರುಗಿಸಿದಷ್ಟೂ ಪೆಟ್ರೋಲ್ ವಾಸನೆ. ಹಿಂದೆ ಇಪ್ಪತ್ತು ಗಾಡಿಗಳು, ಎಲ್ಲದರ ಹೊಗೆ, ಎಲ್ಲದರ ಹಾರ್ನ್. ಗೋಡೆ ಎಷ್ಟು ಹತ್ತಿರವೆಂದರೆ ನನ್ನ ಬಾಗಿಲು ಅರ್ಧ ಮಾತ್ರ ತೆರೆಯಿತು. "ಅಪ್ಪಾ, ಒಳಗೇ ಇರಿ" ಎಂದೆ. ಅವರು ಆಗಲೇ ಕೋಲು ಊರಿಕೊಂಡು ಇಳಿದಾಗಿತ್ತು. ಆ ಹೊಗೆಯಲ್ಲಿ ನಿಂತು, ಕೋಲಿನಿಂದ ಗಾಡಿಯ ಹಿಂಭಾಗ ತಟ್ಟುತ್ತಾ, ಒಬ್ಬೊಬ್ಬರನ್ನೇ ಹಿಂದಕ್ಕೆ ತೆಗೆಸಿದರು. "ಬಾ... ಬಾ... ಬಲಕ್ಕೆ ಹೊಡಿ... ಸಾಕು! ಯಾವನಯ್ಯ ಲೈಸೆನ್ಸ್ ಕೊಟ್ಟಿದ್ದು ನಿನಗೆ?" ನಲವತ್ತು ನಿಮಿಷ. ಕೊನೆಗೆ ನಾಲ್ಕು ಜನ ನಮ್ಮ ಗಾಡಿಯನ್ನೂ ಹಿಂದಕ್ಕೆ ತಳ್ಳಿದರು. ಹೊರಗೆ ಬಂದಾಗ ಅಪ್ಪನ ತುಟಿ ನೀಲಿಯಾಗಿತ್ತು, ಮುಖದಲ್ಲಿ ನಗು ಇತ್ತು.

ಅವತ್ತಿನ ಸರದಿ ತಪ್ಪಿತು. ಮುಂದಿನ ಸರದಿಯ ದಿನ ಅವರು ಚಪ್ಪಲಿ ಹಾಕಿಕೊಳ್ಳಲಿಲ್ಲ. "ಇವತ್ತು ಬೇಡ ಬಿಡು. ಬೆಳಿಗ್ಗೆಯಿಂದ ಕೀಲಿ ಎತ್ತಿ ಎತ್ತಿ ಅಲ್ಲೇ ಇಡ್ತಾ ಇದ್ದೀಯ." ನಾನು ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ. ನನಗೂ ಆ ತಿರುವು ಬೇಡವಾಗಿತ್ತು, ಇದನ್ನು ಒಪ್ಪಿಕೊಳ್ಳಬೇಕು. ಮಾರನೇ ದಿನ ಶ್ವಾಸಕೋಶದಲ್ಲಿ ನೀರು ತುಂಬಿತು. ಆಂಬುಲೆನ್ಸ್ ಬಂತು. ಒಂಬತ್ತು ದಿನದಿಂದ ಐಸಿಯುನಲ್ಲಿದ್ದಾರೆ. ಇವತ್ತು ಮಾತಾಡಿದರು: "ಸ್ಪ್ಯಾನರಿಗೆ ಬರೆದೆಯಾ?"

ಬರೆಯುತ್ತಿದ್ದೇನೆ.

ಇನ್ನೊಂದು. ನಿನ್ನ ಹಾಳೆಗಳ ಹಿಂಬದಿಯನ್ನು ನಾನು ಮಾರ್ಚಿನಿಂದಲೂ ನೋಡುತ್ತಿದ್ದೇನೆ. ಗಂಟೆಗೊಂದು ಸಾಲು, ನಿನ್ನದೇ ಅಕ್ಷರ. ಎಂಜಿನ್ ವೇಗ ಸೊನ್ನೆ, ಎಣ್ಣೆಯ ಒತ್ತಡ ಸೊನ್ನೆ, ಸೊನ್ನೆ, ಸೊನ್ನೆ. ಎಲ್ಲಾ ಲಕೋಟೆಗಳ ಮೇಲೂ ಒಂದೇ ಬಂದರಿನ ಮುದ್ರೆ. ಹತ್ತೊಂಬತ್ತು ಜನ ಏಳಾಗಿದ್ದಾರೆ. ನೀನು ಹೇಳಿದರೆ ಕೇಳೋಣವೆಂದು ಸುಮ್ಮನಿದ್ದೆ. ಸುಮ್ಮನಿರುವುದು ನಮ್ಮ ಮನೆಯ ಕಸುಬು.

ಈಗ ನನಗೆ ಒಂದೇ ಉತ್ತರ ಬೇಕು. ಗಾಡಿ ಯಾಕೆ ನಿಲ್ಲುತ್ತದೆ?

ಅಕ್ಕ


ಜುಲೈ 17

ಅಕ್ಕಾ,

ನೀರಿನ ದೋಣಿಯವನ ಕಾಲು ಹಿಡಿದು ಇದನ್ನು ಇವತ್ತೇ ಕಳಿಸುತ್ತಿದ್ದೇನೆ.

ಸೀಟಿ. ಅಪ್ಪ ಹೇಳಿದ್ದೇ ಸರಿ. ಕಾಲು ತೆಗೆದಾಗ ಟರ್ಬೊ ತಳ್ಳಿದ ಗಾಳಿಗೆ ಹೋಗಲು ಜಾಗ ಇರುವುದಿಲ್ಲ. ಕಂಪನಿಯ ವಾಲ್ವ್ ಅದನ್ನು ಮತ್ತೆ ಒಳಗಿನ ಪೈಪಿಗೇ ಬಿಡುತ್ತೆ, ಸದ್ದಿಲ್ಲದೆ. ನಾನು ಹಾಕಿದ್ದು ಹೊರಗೆ ಬಿಡುತ್ತೆ, ಬರೀ ಆ ಶಬ್ದಕ್ಕೋಸ್ಕರ. ಆದರೆ ಗಾಳಿ ಒಳಗೆ ಬರುವಾಗಲೇ ಕಂಪ್ಯೂಟರ್ ಅದನ್ನು ಅಳೆದಿರುತ್ತೆ. ಅಳೆದು ಬಿಟ್ಟ ಗಾಳಿ ಒಳಗೇ ಇದೆ ಅಂದುಕೊಂಡು ಅಷ್ಟಕ್ಕೂ ಪೆಟ್ರೋಲ್ ಸುರಿಯುತ್ತೆ. ಗಾಳಿ ಬೀದಿಯಲ್ಲಿರುತ್ತೆ. ಎಂಜಿನ್ ಮುಳುಗಿ ಸಾಯುತ್ತೆ. ಪ್ಲಗ್ ಕಪ್ಪಾಗಿದ್ದು ಅದಕ್ಕೇ.

ಹಳೇ ವಾಲ್ವ್ ಶೆಡ್ಡಿನ ಬೆಂಚಿನ ಕೆಳಗೆ ಬಿಸ್ಕತ್ ಡಬ್ಬಿಯಲ್ಲಿದೆ. ಸೀಟಿ ತೆಗಿ, ಅದನ್ನು ಕೂರಿಸು. ಗಾಳಿ ಪೈಪಿನ ಮೇಲೆ ಕಪ್ಪು ರಬ್ಬರ್ ಟೋಪಿ ಇದೆ, ಅದನ್ನು ಕಿತ್ತು ಅಲ್ಲಿಗೆ ವಾಲ್ವಿನ ರಬ್ಬರ್ ಪೈಪ್ ಸಿಕ್ಕಿಸು. ಎರಡು ಕ್ಲಿಪ್. ಹತ್ತು ನಿಮಿಷದ ಕೆಲಸ.

ನಿನ್ನ ಮೊದಲ ಪತ್ರದ ಮೂರನೇ ಪ್ಯಾರಾ ಓದುವಾಗಲೇ ನನಗೆ ಇದು ಗೊತ್ತಿತ್ತು.

ಮೊದಲ ಸಲ ಹೇಳದೆ ಇದ್ದದ್ದು ಆ ಸೀಟಿಯ ಮೇಲಿನ ಆಸೆಗೆ. ಎರಡನೇ ಸಲದಿಂದ ಹಾಗಲ್ಲ. ಈ ಹಡಗನ್ನು ಮಾಲೀಕ ಡಿಸೆಂಬರಿನಲ್ಲೇ ಕೈಬಿಟ್ಟ. ಕೋರ್ಟು ಮುಟ್ಟುಗೋಲು ಹಾಕಿತು. ಕ್ಯಾಪ್ಟನ್ ಏಪ್ರಿಲಿನಲ್ಲಿ ಇಳಿದು ಹೋದ. ಯಾರಾದರೂ ಹಡಗಿನ ಜವಾಬ್ದಾರಿ ಹೊರಬೇಕು, ಕಾಗದದ ಮೇಲೆ ನನ್ನ ಸಹಿ ಇದೆ, ಇನ್ನೊಬ್ಬ ಬಂದು ಸಹಿ ಹಾಕುವವರೆಗೆ ನಾನು ದಡಕ್ಕೆ ಕಾಲಿಡುವ ಹಾಗಿಲ್ಲ. ಯಾರೂ ಬರುತ್ತಿಲ್ಲ. ಜನರೇಟರ್ ದಿನಕ್ಕೆ ಎರಡು ಗಂಟೆ. ಡೆಕ್ಕಿನಿಂದ ಊರು ಕಾಣುತ್ತೆ. ಬಸ್ಸುಗಳು ತಿರುಗುವುದೂ ಕಾಣುತ್ತೆ. ಎಂಜಿನ್ ತಣ್ಣಗೆ ಕೂತಿದೆ, ನಾನು ಗಂಟೆಗೊಮ್ಮೆ ಕೆಳಗೆ ಹೋಗಿ ಸೊನ್ನೆ ಬರೆಯುತ್ತೇನೆ. ಬರೆಯದೇ ಇದ್ದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ.

ಉತ್ತರ ಹೇಳಿಬಿಟ್ಟರೆ ನೀನು 'ಸರಿಹೋಯಿತು' ಅಂತ ಒಂದು ಸಾಲು ಬರೆಯುತ್ತೀಯ. ಆಮೇಲೆ? ಈ ಲೋಕದಲ್ಲಿ ಓಡುತ್ತಿದ್ದ ನನ್ನ ಎಂಜಿನ್ ಅಂದರೆ ಅದೊಂದೇ. ನೀನು ಒಬ್ಬಳೇ ಇದ್ದೀಯ, ಸಿಗ್ನಲ್ಲಿನಲ್ಲಿ ನಾಲ್ಕು ಬೈಗುಳ ತಿನ್ನುತ್ತೀಯ, ಅಷ್ಟೇ ಅಂದುಕೊಂಡಿದ್ದೆ. ಪಕ್ಕದ ಸೀಟಿನಲ್ಲಿ ಅಪ್ಪ ಇದ್ದಾರೆ ಅಂತ ಗೊತ್ತಿದ್ದರೆ... ಇದನ್ನು ಬರೆಯುವುದಿಲ್ಲ. ಗೊತ್ತಿರಲಿಲ್ಲ ಅನ್ನುವುದು ನನ್ನನ್ನು ಉಳಿಸುವುದಿಲ್ಲ.

ಅಪ್ಪ ಹೇಗಿದ್ದಾರೆ? ಅದೊಂದು ಬರಿ. ಬೇರೆ ಏನೂ ಬರೆಯದಿದ್ದರೂ ಸರಿ.

ತಮ್ಮ


ಸೆಪ್ಟೆಂಬರ್ 6

ಅಕ್ಕಾ,

ದೋಣಿ ಮೂರು ಸಲ ಬಂದು ಹೋಯಿತು. ನಿನ್ನ ಪತ್ರ ಇರಲಿಲ್ಲ. ದೋಣಿಯವನು ನನ್ನ ಮುಖ ನೋಡಿ ಈಗ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ, ಹತ್ತಿರ ಬಂದಮೇಲೆ ಇಲ್ಲ ಅನ್ನುವುದು ಅವನಿಗೂ ಕಷ್ಟ.

ಗೋಡೆಯ ಮೇಲಿನ ರಸ್ತೆಯನ್ನು ನಾನು ಒರೆಸಲು ಹೋದೆ. ಅಡುಗೆಯವನು ಬಟ್ಟೆ ಕಿತ್ತುಕೊಂಡ.

ಅಪ್ಪ ಇದ್ದಾರಾ?

ತಮ್ಮ


ಅಕ್ಟೋಬರ್ 1

ತಮ್ಮಾ,

ಅಪ್ಪ ಇದ್ದಾರೆ. ಈ ಎರಡು ಪದವನ್ನಾದರೂ ಆಗಲೇ ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ. ನಿನಗೆ ಗೊತ್ತಾಗದೆ ಇರಲಿ, ಒಂದಷ್ಟು ದಿನ ನೀನೂ ಆ ತಿರುವಿನಲ್ಲಿ ಕೂತಿರು ಎಂದು ಅನಿಸಿದ್ದು ನಿಜ. ನಾನು ಅಂಥವಳಲ್ಲ ಎಂದುಕೊಂಡಿದ್ದೆ. ಅಂಥವಳೇ.

ಜುಲೈ ಹನ್ನೆರಡಕ್ಕೆ ಮನೆಗೆ ಬಂದರು. ಬಂದ ಮೂರನೇ ದಿನ ಸ್ಟೂಲ್ ತರಿಸಿ ಶೆಡ್ಡಿನಲ್ಲಿ ಗಾಡಿಯ ಮುಂದೆ ಕೂತರು. "ಬಾನೆಟ್ ಎತ್ತು." ಬಿಚ್ಚಿದವನೇ ಮುಚ್ಚಬೇಕಲ್ಲ ಅಪ್ಪಾ, ನಿಮ್ಮದೇ ಕಾನೂನು ಎಂದೆ. "ಕಾನೂನು ಡಿಪೋದ್ದು. ಡಿಪೋದಲ್ಲಿ ಬಿಚ್ಚಿದವನು ಸಂಜೆಗೆ ಮನೆಗೆ ಬರ್ತಿದ್ದ." ಆಮೇಲೆ ಕೋಲಿನ ತುದಿಯಿಂದ ಸೀಟಿಯನ್ನು ತೋರಿಸಿ ತೆಗೆ ಎಂದರು. ಹಳೆಯದು ಎಲ್ಲಿ ಹುಡುಕಲಿ ಎಂದೆ. "ಬಿಚ್ಚಿದ್ದನ್ನ ಎಸೆಯೋನಲ್ಲ ಅವ್ನು. ತಿಂಡಿ ಡಬ್ಬಿ ನೋಡು." ಬಿಸ್ಕತ್ ಡಬ್ಬಿ ಸಿಕ್ಕಿತು. ನಿನ್ನ ಹತ್ತು ನಿಮಿಷ ನನಗೆ ಒಂದೂಮುಕ್ಕಾಲು ಗಂಟೆಯಾಯಿತು. ಗಾಡಿ ತೆಗೆದುಕೊಂಡು ಹೋಗಿ ಸುರಂಗದ ದೀಪದಲ್ಲಿ ನಿಂತೆ. ಮುಳ್ಳು ಇಳಿಯಿತು, ನಿಲ್ಲಬೇಕಾದಲ್ಲಿ ನಿಂತು ಸಣ್ಣಗೆ ನಡುಗುತ್ತಾ ಇತ್ತು. ದೀಪ ಹಸಿರಾದರೂ ನಾನು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಹೊಡೆಯಲಿ ಎಂದು ಕೂತಿದ್ದೆ.

ನಿನ್ನ ಪತ್ರ ಬಂದದ್ದು ಅದಾಗಿ ಮೂರು ವಾರಕ್ಕೆ. ಹಾಗಾಗಿ ಉತ್ತರ ಕೊಟ್ಟದ್ದು ನೀನಲ್ಲ. ಅವರು ಮಾರ್ಚಿನಲ್ಲೇ ಹೇಳಿದ್ದರು, ನಾನು ಕೇಳಲಿಲ್ಲ. ಅವರ ಮಾತಿಗೆ ಬಾಣದ ಗುರುತು ಇರಲಿಲ್ಲ. ನೀನು ಗೊತ್ತಿದ್ದೂ ತಪ್ಪು ರಿಪೇರಿ ಬರೆದೆ. ನಾನು ಗೊತ್ತಿದ್ದೂ ತಪ್ಪು ರಸ್ತೆ ಬರೆದೆ. ಯಾರ ತಪ್ಪು ದೊಡ್ಡದು ಎಂದು ಎಂಟು ವಾರ ಗಾಜು ಬದಲಿಸಿ ಬದಲಿಸಿ ನೋಡಿದ್ದೇನೆ. ಒಂದು ದಿನ ನಿನ್ನದು, ಒಂದು ದಿನ ನನ್ನದು. ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ, ನಿಜವಾಗಿ ಗೊತ್ತಿಲ್ಲ.

ಅಪ್ಪನಿಗೆ ಈಗ ಮನೆಯಲ್ಲೇ ಡಯಾಲಿಸಿಸ್. ಹೊಟ್ಟೆಗೆ ಒಂದು ಟ್ಯೂಬ್, ದಿನಕ್ಕೆ ನಾಲ್ಕು ಚೀಲ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಕೈ ತೊಳೆದು, ಹಳೆಯ ನೀರು ಇಳಿಸಿ ಹೊಸದು ಏರಿಸಬೇಕು. ಪ್ರತಿ ಸಲ ಮುಕ್ಕಾಲು ಗಂಟೆ. ಇಳಿದ ನೀರನ್ನು ತೂಗಿ ಬರೆದಿಡುತ್ತೇನೆ. ನಿನ್ನ ಲಾಗ್ ಹಾಳೆಯಂಥದ್ದೇ ಒಂದು ಹಾಳೆ ನನಗೂ ಕೊಟ್ಟಿದ್ದಾರೆ. ಕ್ಲಿನಿಕ್ಕಿಗೆ ಎರಡನೇ ಚೀಲಕ್ಕೂ ಮೂರನೇ ಚೀಲಕ್ಕೂ ನಡುವೆ ಮಾತ್ರ ಹೋಗುತ್ತೇನೆ, ನಡೆದೇ. ಗಾಡಿ ಈಗ ಎಲ್ಲಿ ಬೇಕಾದರೂ ಚೆನ್ನಾಗಿ ನಿಲ್ಲುತ್ತದೆ. ಹೋಗಬೇಕಾದ ಜಾಗ ಒಂದೂ ಇಲ್ಲ. ಅದಕ್ಕೆ ಬಟ್ಟೆ ಹೊದಿಸಿದ್ದೆ.

ಸೆಪ್ಟೆಂಬರಿನ ನಿನ್ನ ಪತ್ರವನ್ನು ಅಪ್ಪನಿಗೆ ಓದಿದೆ. ಜುಲೈನದನ್ನೂ ಓದಿದೆ, ಪೂರ್ತಿ. ಅವರು ಚೀಲದಿಂದ ಕಣ್ಣೆತ್ತಿ ಕೇಳಿದರು: "ಗಂಟೆಗೊಮ್ಮೆ ಕೆಳಗಿಳಿದು ಸೊನ್ನೆ ಬರೀತಾನಂತಾ?" ಹೌದು ಎಂದೆ. "ಎಷ್ಟು ತಿಂಗಳಿಂದ?" ಹತ್ತು ಎಂದೆ.

ನಿನ್ನೆ ಎರಡನೇ ಚೀಲ ಮುಗಿದ ಮೇಲೆ ಮತ್ತೆ ಸ್ಟೂಲ್ ಕೇಳಿದರು. ಬಟ್ಟೆ ತೆಗೆಸಿದರು. ಬಾನೆಟ್ ಎತ್ತಿಸಿದರು. ಏನು ಹೇಳುತ್ತಾರೆ ಎಂದು ನನಗೆ ಮೊದಲೇ ತಿಳಿಯಿತು, ಸ್ಪ್ಯಾನರ್ ಆಗಲೇ ಕೈಯಲ್ಲಿತ್ತು. ಹಳೆಯ ವಾಲ್ವ್ ಬಿಚ್ಚಿ ಬಿಸ್ಕತ್ ಡಬ್ಬಿಗೆ ಹಾಕಿದೆ. ರಬ್ಬರ್ ಟೋಪಿ ಹಾಕಿದೆ. ಸೀಟಿ ಕೂರಿಸಿದೆ. ಈ ಸಲ ಇಪ್ಪತ್ತು ನಿಮಿಷ. ಒಬ್ಬಳೇ ಬಂಕ್ ದಾಟಿ ಏರಿನ ಅರ್ಧದವರೆಗೆ ಹೋಗಿ ತಿರುಗಿ ಬಂದೆ. ಗೇಟಿನ ಮುಂದೆ ಕಾಲು ತೆಗೆದೆ. ಪ್‌ಸ್ಶ್. ಮುಳ್ಳು ಸೊನ್ನೆಗೆ ಹೋಗಿ ಮಲಗಿತು.

ಅಪ್ಪ ಸ್ಟೂಲಿನ ಮೇಲಿಂದಲೇ ಕೂಗಿದರು: "ಕೆಟ್ಟಿತಾ?"

"ಕೆಟ್ಟಿತು ಅಪ್ಪಾ."

"ಚೆನ್ನಾಗಿ ಕೆಟ್ಟಿದೆಯಾ?"

"ಚೆನ್ನಾಗಿಯೇ."

"ಹಾಗಾದ್ರೆ ಬರಿ ಅವನಿಗೆ."

ತಮ್ಮಾ, ನಿನ್ನ ಗಾಡಿ ನಿಂತುಹೋಗುತ್ತಿದೆ. ಹಾರ್ಡ್‌ವೇರ್ ಅಂಗಡಿಯ ತಿರುವಿನಲ್ಲಿ, ಎರಡನೇ ಗೇರಿನಲ್ಲಿ, ಒಂದು ಸಲ. ಗೇಟಿನ ಮುಂದೆ ಒಂದು ಸಲ. ಹಳದಿ ಏಣಿ ಇನ್ನೂ ಮಾರಾಟವಾಗಿಲ್ಲ. ಪೆಟ್ರೋಲ್ ವಾಸನೆ ಇದೆ. ಪ್ಲಗ್ಗುಗಳ ಬಣ್ಣ ಭಾನುವಾರ ನೋಡಿ ಬರೆಯುತ್ತೇನೆ, ಒಂದೊಂದೂ ಬೇರೆ ಬೇರೆಯಾಗಿ. ಏಳು ಜನರನ್ನೂ ಕೇಳು. ಮೊದಲಿನಿಂದ ಶುರುಮಾಡು, ಅವಸರವಿಲ್ಲ.

ಹಾಳೆಯ ಎರಡೂ ಬದಿ ಬರಿ. ಸೊನ್ನೆಗಳನ್ನೂ ಓದುತ್ತೇನೆ.

ಅಕ್ಕ